ಊರಿನ ದಾರಿಯಲ್ಲಿ ಎಲ್ಲಿ ನಿಲ್ಲಬೇಕು?

ಮಾಘ ಮುಗಿದು ಫಾಲ್ಗುಣ ಕಾಲಿಡುತ್ತಿದ್ದಂತೆ ಮುಂಬಯಿಯ ತುಳು-ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಶುರುವಾಗುತ್ತದೆ. ಗ್ರಾಮದ ಜಾತ್ರೆ, ಕುಟುಂಬದ ಮನೆಯ ನೇಮ, ನಾಗನಿಗೆ ತಂಬಿಲ, ಹತ್ತಿರದವರ ಮದುವೆ, ಹೀಗೆ ಹೋಗಲೇಬೇಕಾದ ಕಾರಣಗಳಿಗೆ ಬರವಿಲ್ಲ. ಮೊದಲೆಲ್ಲ ಎದುರಾಗುತ್ತಿದ್ದ ಪ್ರಶ್ನೆ ಒಂದೇ: ರೈಲಿನ ಟಿಕೆಟು ಕನ್ಫರ್ಮ್ ಆಯಿತೇ? ಈಗ ಕೆಲವು ಮನೆಗಳಲ್ಲಿ ಇನ್ನೊಂದು ಮಾತೂ ಕೇಳಿಬರುತ್ತಿದೆ. ಮೂರು ತಲೆಮಾರಿನವರು ಒಟ್ಟಾಗಿ ಒಂದು ಮೋಟಾರ್‌ಹೋಮ್ ಬಾಡಿಗೆಗೆ ಹಿಡಿದು ರಸ್ತೆಯಲ್ಲೇ ಊರಿಗೆ ಹೋದರೆ ಹೇಗೆ?

ಮಲಗಲು ಹಾಸಿಗೆ, ಪುಟ್ಟ ಅಡುಗೆ ಕಟ್ಟೆ, ನೀರಿನ ಟಾಂಕಿ, ಶೌಚಾಲಯ ಎಲ್ಲವನ್ನೂ ಹೊತ್ತು ಸಾಗುವ ಈ ವಾಹನಕ್ಕೆ ಕ್ಯಾರವಾನ್ ಎಂಬ ಹೆಸರೂ ಇದೆ. ಮಹಾರಾಷ್ಟ್ರ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಅದೇ ವರ್ಷ ಕೇರಳವೂ ಇಂಥದೇ ಯೋಜನೆ ತಂದಿತು. ಹೆಚ್ಚಾಗಿ ಚಾಲಕನ ಸಮೇತ ಬಾಡಿಗೆಗೆ ಸಿಗುವ ಈ ವಾಹನ ಎಲ್ಲರ ಕಿಸೆಗೂ ನಿಲುಕುವಂಥದ್ದಲ್ಲ. ಆದರೆ ಅಣ್ಣತಮ್ಮಂದಿರು ಖರ್ಚು ಹಂಚಿಕೊಂಡರೆ ಅಸಾಧ್ಯವೂ ಅಲ್ಲ. ಯೋಚನೆ ಸ್ವಾಗತಾರ್ಹವೇ. ಚಿಂತೆಗೆ ಕಾರಣವಾಗುವುದು ಯೋಜನೆ ಹಾಕುವ ರೀತಿ.

ಗಂಟೆಯ ಲೆಕ್ಕ, ದಾರಿಯ ಲೆಕ್ಕ

ಯಾವುದೇ ಸಭೆ ಸಮಾರಂಭದಲ್ಲಿ ಊರಿಗೆ ಹೋಗಿ ಬಂದವರಿಗೆ ಮೊದಲು ಎದುರಾಗುವ ಪ್ರಶ್ನೆ, "ಎಷ್ಟು ಗಂಟೆಯಲ್ಲಿ ಮುಟ್ಟಿದಿರಿ ಮಾರಾಯ್ರೆ?" ಎಂಬುದು. ರಾತ್ರಿ ಊಟ ಮುಗಿಸಿ ಪನ್ವೇಲ್ ದಾಟಿದವರು ಮಾರನೆಯ ದಿನ ಮಧ್ಯಾಹ್ನದ ಊಟಕ್ಕೆ ಕುಂದಾಪುರದಲ್ಲಿದ್ದರೆ ಅದೊಂದು ದೊಡ್ಡ ಸಾಧನೆ. ಮುಂಬಯಿಯಿಂದ ಮಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 900 ಕಿ.ಮೀ. ಅಷ್ಟನ್ನೂ ಒಬ್ಬನೇ ಚಾಲಕ ಒಂದೇ ಉಸಿರಿಗೆ ಓಡಿಸುವುದು ಸಾಹಸವಲ್ಲ, ಹಿಂದೆ ಕುಳಿತವರ ಪ್ರಾಣದ ಮೇಲೆ ಕಟ್ಟಿದ ಪಂಥ. ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾನೂನೇ ದಿನಕ್ಕೆ 8 ಗಂಟೆಯ ದುಡಿಮೆ, 5 ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂದಿತ್ತು. ಸಂಬಳಕ್ಕೆ ದುಡಿಯುವ ಚಾಲಕನಿಗೆ ಅನ್ವಯಿಸುತ್ತಿದ್ದ ಈ ನಿಯಮದ ಹಿಂದಿನ ವಿವೇಕ ಮನೆಯ ಮಗ ಸ್ಟಿಯರಿಂಗ್ ಹಿಡಿದಾಗ ಮಾತ್ರ ಯಾಕೆ ಮರೆತುಹೋಗಬೇಕು?

ಇದರ ಇನ್ನೊಂದು ಮುಖವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಷ್ಟೋ ಮನೆಗಳ ಅಜ್ಜಿಯಂದಿರು ಪ್ರಯಾಣದ ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿಬಿಡುತ್ತಾರೆ. ದಾರಿಯಲ್ಲಿ ಗಾಡಿ ನಿಲ್ಲಿಸಿ ಎಂದು ಕೇಳಲು ಸಂಕೋಚ, ನಿಲ್ಲಿಸಿದರೂ ಕಾಲಿಡುವಂಥ ಶೌಚಾಲಯ ಸಿಗುವ ಭರವಸೆ ಇಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು, ಮೊಣಕಾಲು ಮಡಚಲಾಗದವರು ಮೌನವಾಗಿ ಅನುಭವಿಸುವ ಹಿಂಸೆ ಇದು. ಕೊನೆಗೆ ಒಂದು ವರ್ಷ, "ನನ್ನಿಂದಾಗದು ಮಗಾ, ನೀವು ಹೋಗಿ ಬನ್ನಿ" ಎಂದುಬಿಡುತ್ತಾರೆ. ಹಾಗೆ ಹೇಳಿದವರು ಮತ್ತೆ ಊರಿನ ದೈವದ ಎದುರು ಕೈ ಮುಗಿಯುವುದು ಅಪರೂಪ. ಮೋಟಾರ್‌ಹೋಮಿನ ನಿಜವಾದ ಬೆಲೆ ಇರುವುದು ಅದರ ದೊಡ್ಡ ಟಿ.ವಿ.ಯಲ್ಲಲ್ಲ, ಇಂಥವರನ್ನು ಮತ್ತೊಮ್ಮೆ ಊರಿಗೆ ಕರೆದೊಯ್ಯಬಲ್ಲ ಅನುಕೂಲದಲ್ಲಿ. ಅದನ್ನು ಬಾಡಿಗೆಗೆ ಹಿಡಿದು ಮತ್ತೆ ರಾತ್ರಿಯಿಡೀ ಓಡಿಸುವುದಾದರೆ ಹಣವೂ ವ್ಯರ್ಥ, ಶ್ರಮವೂ ವ್ಯರ್ಥ.

ಮಕ್ಕಳ ವಿಷಯವೂ ಅಷ್ಟೇ. ಮುಂಬಯಿಯಲ್ಲೇ ಹುಟ್ಟಿ ಬೆಳೆದವರಿಗೆ ಒಂದು ತುದಿಯಲ್ಲಿ ಡೊಂಬಿವಲಿ, ಇನ್ನೊಂದು ತುದಿಯಲ್ಲಿ ಅಜ್ಜಿಮನೆ, ನಡುವೆ ಬರೇ ಕತ್ತಲು. ಕೊಂಕಣ ರೈಲು 1998ರ ಜನವರಿ 26ರಂದು ಪೂರ್ಣವಾಗಿ ತೆರೆದುಕೊಂಡದ್ದು ಕರಾವಳಿಯವರ ಪಾಲಿಗೆ ವರದಾನವೇ ಆಯಿತು. ಆದರೆ ರಾತ್ರಿಯ ನಿದ್ದೆಯಲ್ಲಿ ಕಳೆದುಹೋಗುವ ಕೊಂಕಣವನ್ನು ಮಕ್ಕಳು ಕಂಡದ್ದು ಕಡಿಮೆ. ಹಿಂದಿನವರು ಘಾಟಿಯ ಬಸ್ಸುಗಳಲ್ಲಿ ಕಷ್ಟಪಟ್ಟು ದಾಟಿದ ಈ ದಾರಿಯನ್ನು ಮೊಮ್ಮಕ್ಕಳು ಒಮ್ಮೆಯಾದರೂ ಹಗಲು ಬೆಳಕಿನಲ್ಲಿ ನೋಡಬೇಡವೇ?

ಋತು ನೋಡಿ ಜಾಗ ಆರಿಸಿ

ನಿಲ್ಲುವ ಜಾಗಗಳ ಪಟ್ಟಿ ಮಾಡುವಾಗ ಆಗುವ ಮೊದಲ ತಪ್ಪು, ಚಿತ್ರ ನೋಡಿ ಜಾಗ ಆರಿಸುವುದು. ಸಾತಾರದ ಕಾಸ್ ಬಯಲಿನ ಹೂವಿನ ಹಾಸು ಮಳೆಗಾಲದ ಕೊನೆಯ ಸೊಬಗು, ಮಾರ್ಚ್ ತಿಂಗಳಲ್ಲಿ ಅಲ್ಲಿ ಒಣ ಹುಲ್ಲು ಮಾತ್ರ. ಜೋಗ ಜಲಪಾತ 253 ಮೀಟರ್ ಎತ್ತರದಿಂದ ಧುಮುಕುವುದು ನಿಜ. ಆದರೆ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಬೇಸಗೆಯ ಬಾಗಿಲಲ್ಲಿ ಅಲ್ಲಿಗೆ ಹೋದವರಿಗೆ ಕಾಣುವುದು ಹೆಚ್ಚಾಗಿ ಕರಿಬಂಡೆ ಮತ್ತು ನೀರಿನ ಎಳೆಗಳು. ಮಳೆಗಾಲದ ಫೋಟೋ ತೋರಿಸಿ ಮಕ್ಕಳನ್ನು ಅಷ್ಟು ದೂರ ಕರೆದೊಯ್ದರೆ ಅವರ ಮುಖ ಸಪ್ಪಗಾಗುವುದು ಸಹಜ.

ವಸಂತದ ಆರಂಭಕ್ಕೆ ಅದರದ್ದೇ ಸಂಪತ್ತು ಇದೆ, ಅದು ಬೇರೆ ಬಗೆಯದು. ಕೊಂಕಣದ ಗುಡ್ಡಗಳಲ್ಲಿ ಎಲೆ ಉದುರಿಸಿದ ಮುತ್ತುಗದ ಮರ ಕೆಂಡದಂತೆ ಹೂ ಬಿಡುತ್ತದೆ. ಬೂರುಗದ ಕೆಂಪು ಹೂವಿಗೆ ಹಕ್ಕಿಗಳು ಮುತ್ತುತ್ತವೆ. ಗೇರು ಮರದ ಹೂವಿನ ವಾಸನೆ ರತ್ನಾಗಿರಿಯಿಂದ ಕಾರ್ಕಳದವರೆಗೂ ಒಂದೇ. ಹೋಳಿಯ ಹೊತ್ತಿಗೆ ಕೊಂಕಣದ ಹಳ್ಳಿಗಳಲ್ಲಿ ಶಿಮಗಾ, ದೇವರ ಪಲ್ಲಕ್ಕಿ ಮನೆ ಬಾಗಿಲಿಗೆ ಬರುವ ಹಬ್ಬ. ಅದೇ ದಿನಗಳಲ್ಲಿ ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ. ತಲೆಯ ಮೇಲೆ ಬಣ್ಣಬಣ್ಣದ ತುರಾಯಿ ಧರಿಸಿ ಕುಣಿಯುವ ಆ ತಂಡ ದಾರಿಯಲ್ಲಿ ಎದುರಾದರೆ ಅದಕ್ಕಿಂತ ದೊಡ್ಡ ದೃಶ್ಯ ಬೇಕೆ? ಒಂದು ಎಚ್ಚರಿಕೆ: ಶಿಮಗಾಕ್ಕೆ ಮುಂಬಯಿಯ ಕೊಂಕಣಿಗರೆಲ್ಲ ಊರಿಗೆ ಹೊರಡುವುದರಿಂದ ಹಬ್ಬದ ಹಿಂದಿನ ಎರಡು ದಿನ ರಸ್ತೆ ಕಿಕ್ಕಿರಿಯುತ್ತದೆ. ಆ ದಿನಗಳನ್ನು ಬಿಟ್ಟು ಹೊರಡುವುದು ಜಾಣತನ.

ಮಳೆಗಾಲದಲ್ಲಿ ಇದೇ ದಾರಿಯ ಸ್ವಭಾವ ಬೇರೆ. 2016ರ ಆಗಸ್ಟ್ 2ರ ರಾತ್ರಿ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷ್ ಕಾಲದ ಸೇತುವೆ ಕೊಚ್ಚಿಹೋಗಿ ಬಸ್ಸುಗಳು ನೀರುಪಾಲಾದುದನ್ನು ಮುಂಬಯಿಗರು ಮರೆತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಮಣ್ಣಿನಡಿ ಸಿಲುಕಿದ್ದು ಹೆದ್ದಾರಿ ಬದಿಯ ಚಹಾದಂಗಡಿ ಮತ್ತು ಅಲ್ಲಿ ದಣಿವಾರಿಸಿಕೊಳ್ಳಲು ನಿಂತಿದ್ದವರು. ಗಂಗಾವಳಿ ನದಿಗೆ ಬಿದ್ದ ಒಂದು ಲಾರಿ ಸಿಗಲು ಎರಡು ತಿಂಗಳ ಮೇಲಾಯಿತು. ಫೆಬ್ರವರಿ-ಮಾರ್ಚಿನ ಒಣ ಹವೆಯಲ್ಲಿ ಆ ಭಯ ಇಲ್ಲದಿದ್ದರೂ ಪಾಠ ಒಂದು ಉಳಿಯುತ್ತದೆ. ನಿಲ್ಲುವ ಜಾಗವನ್ನು ರೂಢಿಯ ಮೇಲೆ ಆರಿಸಬಾರದು, ತಲೆ ಎತ್ತಿ ನೋಡಿ ಆರಿಸಬೇಕು.

ಮೂರು ರಾತ್ರಿ, ನಾಲ್ಕು ಹಗಲು

ದಿನಕ್ಕೆ 250 ಕಿ.ಮೀ. ಮೀರಬಾರದು, ಸೂರ್ಯ ಮುಳುಗುವ ಮುನ್ನ ಗಾಡಿ ನಿಲ್ಲಬೇಕು ಎಂಬ ಎರಡೇ ನಿಯಮ ಇಟ್ಟುಕೊಂಡರೆ ಯೋಜನೆ ತಾನಾಗಿಯೇ ರೂಪುಗೊಳ್ಳುತ್ತದೆ. ಮೊದಲ ದಿನ ಚಿಪ್ಳೂಣದವರೆಗೆ, ಎರಡನೇ ದಿನ ಸಾವಂತವಾಡಿ, ಮೂರನೇ ದಿನ ಗೋವಾ ದಾಟಿ ಕುಮಟಾ ಅಥವಾ ಹೊನ್ನಾವರ, ನಾಲ್ಕನೇ ದಿನ ಮಧ್ಯಾಹ್ನಕ್ಕೆ ಮನೆ. ಒಂದು ದಿನಕ್ಕೆ ನೋಡುವ ಜಾಗ ಎರಡು ಸಾಕು, ಮೂರನೆಯದು ದಣಿವು.

ಮಹಾರಾಷ್ಟ್ರದ ಭಾಗದಲ್ಲಿ ಸಮಯದ ಲೆಕ್ಕ ಸಡಿಲವಾಗಿರಲಿ. 2011ರಲ್ಲಿ ಆರಂಭವಾದ ಹೆದ್ದಾರಿ ವಿಸ್ತರಣೆ ಒಂದು ದಶಕ ಮೀರಿ ಎಳೆದುಕೊಂಡು ಹೋದುದನ್ನು ಬಲ್ಲವರು ಮೊಬೈಲಿನ ನಕ್ಷೆ ತೋರಿಸುವ ಸಮಯಕ್ಕೆ ಒಂದೆರಡು ಗಂಟೆ ಸೇರಿಸಿಯೇ ಹೊರಡುತ್ತಾರೆ. ಪನ್ವೇಲ್ ದಾಟಿದ ಕೂಡಲೇ ಸಿಗುವ ಕರ್ನಾಳಾ ಪಕ್ಷಿಧಾಮ ಬೆಳಗಿನ ಮೊದಲ ನಿಲುಗಡೆಗೆ ತಕ್ಕದ್ದು. ಮಹಾಡ್ ಸಮೀಪ ಹೆದ್ದಾರಿಯ ಮಗ್ಗುಲಲ್ಲೇ ಗಾಂಧಾರಪಾಲೆಯ ಬೌದ್ಧ ಗುಹೆಗಳಿವೆ. ಊರೊಳಗೆ ಚವದಾರ್ ಕೆರೆ. 1927ರ ಮಾರ್ಚ್ 20ರಂದು ಡಾ. ಬಾಬಾಸಾಹೇಬ್ ಅಂಬೇಡ್ಕರರು ಸಾವಿರಾರು ಜನರೊಂದಿಗೆ ಬಂದು ಈ ಕೆರೆಯ ನೀರು ಕುಡಿದು, ನೀರು ಎಲ್ಲರ ಹಕ್ಕು ಎಂದು ಸಾರಿದ ಸ್ಥಳ ಅದು. ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿ ಓದಿದ್ದನ್ನು ಮಕ್ಕಳು ಕಣ್ಣಾರೆ ಕಾಣುವ ಅವಕಾಶವನ್ನು ಬಿಡಬಾರದು.

ಚಿಪ್ಳೂಣದ ಪರಶುರಾಮ ಘಾಟಿಯ ಮೇಲೆ ನಿಂತರೆ ಕೆಳಗೆ ವಾಸಿಷ್ಠಿ ನದಿ ಬಳುಕುತ್ತಾ ಹೋಗುವುದು ಕಾಣುತ್ತದೆ. ಅಲ್ಲಿಯ ಪರಶುರಾಮ ದೇವಸ್ಥಾನ ಕೊಂಕಣಿಗರಿಗೆಷ್ಟು ಹತ್ತಿರವೋ ತುಳುನಾಡಿನವರಿಗೂ ಅಷ್ಟೇ. ಎರಡೂ ನೆಲ ಪರಶುರಾಮ ಸೃಷ್ಟಿ ಎಂದೇ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಈ ಕತೆಯನ್ನು ಅಜ್ಜ ಅಲ್ಲೇ ಕುಳಿತು ಹೇಳಿದರೆ ಮೊಮ್ಮಗನಿಗೆ ಅದು ಮರೆಯದು. ಸಾವಂತವಾಡಿಯಲ್ಲಿ ಊರ ನಡುವಿನ ಮೋತಿ ತಲಾವ್, ಅದರ ಎದುರಿಗೆ ಅರಮನೆ, ಪೇಟೆಯಲ್ಲಿ ಬಣ್ಣದ ಮರದ ಆಟಿಕೆಗಳು. ಸಂಜೆಯ ತಂಪಿನಲ್ಲಿ ಹಿರಿಯರೂ ನಿಧಾನವಾಗಿ ಕೆರೆ ದಂಡೆಯಲ್ಲಿ ಅಡ್ಡಾಡಬಹುದು.

ಗೋವಾ ಪ್ರವೇಶಿಸುವಾಗ ಒಂದು ವಿಷಯ ನೆನಪಿರಲಿ. ಪ್ರವಾಸಿ ತಾಣಗಳ ಬಯಲಲ್ಲಿ ಒಲೆ ಹೂಡಿ ಅಡುಗೆ ಮಾಡುವುದನ್ನು ಆ ರಾಜ್ಯ 2019ರಲ್ಲೇ ದಂಡಾರ್ಹ ಮಾಡಿದೆ. ಗ್ಯಾಸ್ ಒಲೆ ಕಡಲ ದಂಡೆಗಿಳಿಸಿ ಮೀನು ಹುರಿಯುವ ಆಸೆ ಅಲ್ಲಿ ನಡೆಯದು.

ಕಾರವಾರದಲ್ಲಿ ಕಡಲು ರಸ್ತೆಗೆ ತಾಗಿಯೇ ಇದೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದಿಳಿದ ಯುವಕ ರವೀಂದ್ರನಾಥ ಠಾಕೂರರು ಇಲ್ಲಿಯೇ ನಾಟಕವೊಂದನ್ನು ಬರೆದರು. ಕಡಲತೀರಕ್ಕೆ ಅವರದ್ದೇ ಹೆಸರು, ಪಕ್ಕದಲ್ಲೇ ಚಾಪಲ್ ಯುದ್ಧನೌಕೆಯ ಸಂಗ್ರಹಾಲಯ. ಕುಮಟಾಕ್ಕೆ ಮುನ್ನ ಹೆದ್ದಾರಿಯಿಂದ ಸ್ವಲ್ಪವೇ ಒಳಗೆ ಮಿರ್ಜಾನ್ ಕೋಟೆ. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರಿಂದ ಕರೆಸಿಕೊಂಡ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡ ಈ ಕೋಟೆಗೆ ಬೆಟ್ಟ ಹತ್ತಬೇಕಾಗಿಲ್ಲ. ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿದರೆ ಕಾಸರಕೋಡು. 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ದೇಶದ ಮೊದಲ 8 ಕಡಲತೀರಗಳಲ್ಲಿ ಇದೂ ಒಂದು, ಉಡುಪಿ ಜಿಲ್ಲೆಯ ಪಡುಬಿದ್ರಿ ಇನ್ನೊಂದು. ಆ ಮನ್ನಣೆ ಕೊಡುವಾಗ ಸ್ವಚ್ಛ ಶೌಚಾಲಯ, ಜೀವರಕ್ಷಕರು, ಅಶಕ್ತರಿಗೆ ಅನುಕೂಲ ಎಲ್ಲವನ್ನೂ ಪರಿಶೀಲಿಸುತ್ತಾರೆ. ಹಿರಿಯರು ಜತೆಗಿರುವ ಕುಟುಂಬಕ್ಕೆ ಇಂಥ ತೀರ ಉಳಿದವುಗಳಿಗಿಂತ ಮೇಲು.

ಮರವಂತೆ ಬರುವಾಗ

ಮರವಂತೆಯ ಮಾತೇ ಬೇರೆ. ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಅರಬೀ ಸಮುದ್ರ, ನಡುವೆ ಹೆದ್ದಾರಿ. ಮುಂಬಯಿಯಿಂದ ಬರುವ ಪ್ರತಿಯೊಂದು ವಾಹನವೂ ಇಲ್ಲಿ ನಿಲ್ಲಲು ಹಾತೊರೆಯುತ್ತದೆ. ಆದರೆ ಕೊಂಚ ಯೋಚಿಸಬೇಕು. ದಕ್ಷಿಣಕ್ಕೆ ಹೋಗುವಾಗ ವಾಹನ ಇರುವುದು ನದಿಯ ಬದಿಯಲ್ಲಿ, ಕಡಲು ರಸ್ತೆಯ ಆಚೆ. ಅಲ್ಲಿ ನಿಲ್ಲಿಸಿದರೆ ಮಕ್ಕಳೂ ಮುದುಕರೂ ಚತುಷ್ಪಥ ಹೆದ್ದಾರಿಯನ್ನು ಅಡ್ಡ ದಾಟಬೇಕು. ಅದೇ ಮುಂಬಯಿಗೆ ಹಿಂದಿರುಗುವಾಗ ಕಡಲು ಎಡಗಡೆಯಲ್ಲೇ ಸಿಗುತ್ತದೆ, ಇಳಿದರೆ ಮರಳು. ಆದುದರಿಂದ ಮರವಂತೆಯ ಸೂರ್ಯಾಸ್ತವನ್ನು ಮರಳುವ ದಾರಿಗೆ ಇಟ್ಟುಕೊಳ್ಳುವುದೇ ಸರಿ. ಆಗಲೂ ಹೆದ್ದಾರಿ ಅಂಚಿನಲ್ಲಿ ಗಾಡಿ ನಿಲ್ಲಿಸದೆ ಪಾರ್ಕಿಂಗ್ ಜಾಗವನ್ನೇ ಹುಡುಕಬೇಕು. ಯಾವ ನಿಲುಗಡೆ ಹೋಗುವಾಗ, ಯಾವುದು ಬರುವಾಗ ಎಂದು ವಿಂಗಡಿಸುವುದು ಯೋಜನೆಯ ಅರ್ಧ ಕೆಲಸ.

ಕಡಲಿಗಿಳಿಯುವ ವಿಷಯದಲ್ಲಿ ರಿಯಾಯಿತಿ ಸಲ್ಲದು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ಅಲೆಗಳ ಪಾಲಾದರು. ಜುಹೂ ದಂಡೆಯಲ್ಲಿ ಕಾಲು ತೋಯಿಸಿದ ಅನುಭವವನ್ನು ನಂಬಿ ಊರಿನ ಕಡಲಿಗೆ ಇಳಿಯುವುದು ಅಪಾಯ. ಜೀವರಕ್ಷಕರಿಲ್ಲದ ಕಡೆ ಕಡಲನ್ನು ನೋಡಿದರೆ ಸಾಕು.

ವಾಹನವೂ ಅತಿಥಿಯೇ

ಮೋಟಾರ್‌ಹೋಮ್ ಎತ್ತರದ ವಾಹನ. ಅಜ್ಜಿಮನೆಯ ಓಣಿಯಲ್ಲಿ ತಗ್ಗಾಗಿ ಜೋತುಬಿದ್ದ ವಿದ್ಯುತ್ ತಂತಿ, ಹಲಸಿನ ಕೊಂಬೆ, ತೋಡಿನ ಮೇಲಿನ ಹಳೆ ಮೋರಿ ಇವೆಲ್ಲವನ್ನೂ ಊರಲ್ಲಿರುವವರಿಗೆ ಫೋನು ಮಾಡಿ ಮೊದಲೇ ವಿಚಾರಿಸಬೇಕು. ಹಾಸಿಗೆ ಇದೆಯೆಂದು ಗಾಡಿ ಓಡುವಾಗ ಮಲಗಿಕೊಂಡು ಹೋಗುವುದು ತರವಲ್ಲ. ಘಾಟಿಯ ತಿರುವಿನಲ್ಲಿ ಬ್ರೇಕು ಬಿದ್ದರೆ ಹಾಸಿಗೆಯಲ್ಲಿದ್ದವರನ್ನು ಹಿಡಿಯಲು ಏನೂ ಇರುವುದಿಲ್ಲ. ಚಲಿಸುವಾಗ ಆಸನ ಮತ್ತು ಬೆಲ್ಟು, ನಿಂತಾಗ ಹಾಸಿಗೆ. ಚಾಲಕನ ಊಟ ಮತ್ತು ನಿದ್ದೆಗೂ ಜಾಗ ಗೊತ್ತುಮಾಡಿರಬೇಕು. ಮನೆಯವರೆಲ್ಲ ಏಸಿಯಲ್ಲಿ ಮಲಗಿ ಅವನನ್ನು ಸೀಟಿನಲ್ಲೇ ತೂಕಡಿಸಲು ಬಿಟ್ಟರೆ ಮರುದಿನ ಎಲ್ಲರ ಜೀವ ಆ ತೂಕಡಿಕೆಯ ಕೈಯಲ್ಲಿರುತ್ತದೆ.

ಎಲ್ಲಕ್ಕಿಂತ ಮುಖ್ಯ, ಶೌಚದ ಟಾಂಕಿ. ಅದು ತುಂಬಿದಾಗ ಎಲ್ಲಿ ಖಾಲಿ ಮಾಡುವುದು ಎಂಬುದು ಬಾಡಿಗೆ ಮಾತಾಡುವಾಗಲೇ ಇತ್ಯರ್ಥವಾಗಬೇಕು. ಕತ್ತಲಾದ ಮೇಲೆ ಯಾವುದೋ ಹೊಳೆಗೆ ಬಿಟ್ಟರಾಯಿತು ಎಂಬ ಉಡಾಫೆಯನ್ನು ಊರಿನವರು ಕ್ಷಮಿಸಲಾರರು. ಆ ಹೊಳೆಯೇ ಕೆಳಗಿನ ಗ್ರಾಮದ ಬಾವಿಗೆ ನೀರು ಊಡುವುದು. ಮುಂಬಯಿಯಿಂದ ಬಂದವರು ಎಂದರೆ ಊರಿನಲ್ಲಿ ಇಂದಿಗೂ ಒಂದು ಗೌರವ ಇದೆ. ಪ್ಲಾಸ್ಟಿಕ್ ಬಾಟಲಿ ಮತ್ತು ಕೊಳಚೆ ಬಿಟ್ಟು ಹೋಗುವವರು ಎಂಬ ಹೆಸರು ಅದರ ಜಾಗಕ್ಕೆ ಬರಬಾರದು.

ಭವನಗಳ ಬಾಗಿಲು ತೆರೆಯಲಿ

ಇಲ್ಲಿ ಸಂಘ-ಸಂಸ್ಥೆಗಳು ಮಾಡಬಹುದಾದ ಒಂದು ಕೆಲಸವಿದೆ. ಕರಾವಳಿಯುದ್ದಕ್ಕೂ ಮುಂಬಯಿ ದಾನಿಗಳ ಬೆವರಿನ ಹಣದಿಂದ ಎದ್ದ ಸಮುದಾಯ ಭವನಗಳು, ದೇವಸ್ಥಾನದ ಸಭಾಗೃಹಗಳು ಹಲವಾರು. ಮುಹೂರ್ತವಿಲ್ಲದ ದಿನ ಅವುಗಳ ವಿಶಾಲ ಅಂಗಳ ಖಾಲಿ ಬಿದ್ದಿರುತ್ತದೆ. ಅಂಥ ಅಂಗಳದ ಒಂದು ಮೂಲೆಯಲ್ಲಿ ಒಂದು ನೀರಿನ ನಳ್ಳಿ, ಒಂದು ವಿದ್ಯುತ್ ಪಾಯಿಂಟು, ರಾತ್ರಿಯೂ ತೆರೆದಿರುವ ಸ್ವಚ್ಛ ಶೌಚಾಲಯ, ಟಾಂಕಿ ಖಾಲಿ ಮಾಡಲು ಸೆಪ್ಟಿಕ್ ಗುಂಡಿಗೆ ಒಂದು ಕೊಳವೆ, ಒಬ್ಬ ಕಾವಲುಗಾರ ಇದ್ದರೆ ಸಾಕು. ನ್ಯಾಯವಾದ ಶುಲ್ಕ ಪಡೆದರೆ ಭವನಕ್ಕೂ ಆದಾಯ, ಪ್ರಯಾಣಿಕರಿಗೂ ನೆಮ್ಮದಿ. ಮೋಟಾರ್‌ಹೋಮ್ ಮಾತ್ರವಲ್ಲ, ಕಾರಿನಲ್ಲಿ, ಟೆಂಪೋ ಟ್ರಾವೆಲರಿನಲ್ಲಿ ಬರುವವರಿಗೂ ಈ ಶೌಚಾಲಯ ದೊಡ್ಡ ಉಪಕಾರ. ವಾರ್ಷಿಕೋತ್ಸವಗಳಲ್ಲಿ ಶಾಲು ಹೊದಿಸಿ ಹಿರಿಯರನ್ನು ಗೌರವಿಸುವುದು ಶ್ಲಾಘನೀಯವೇ. ದಾರಿಯಲ್ಲಿ ಅವರಿಗೊಂದು ನೀರಿರುವ ಶೌಚಾಲಯ ಒದಗಿಸುವುದು ಅದಕ್ಕಿಂತ ಕಡಿಮೆ ಗೌರವವಲ್ಲ.

ಇದಕ್ಕೆ ಆಕ್ಷೇಪಗಳೂ ಇಲ್ಲದಿಲ್ಲ. ಮಾರ್ಚ್ ಎಂದರೆ ಮಕ್ಕಳ ಪರೀಕ್ಷೆ, ನೌಕರದಾರರಿಗೆ ವರ್ಷಾಂತ್ಯದ ಲೆಕ್ಕ, ಹೋಟೆಲಿನವರಿಗೆ ಒಂದು ವಾರ ಗಲ್ಲಾ ಬಿಟ್ಟು ಬರುವುದೇ ಕಷ್ಟ. ಒಂದು ರಾತ್ರಿಯ ರೈಲಿನ ಎದುರು ನಾಲ್ಕು ದಿನದ ದಾರಿ ದುಂದು ಎನಿಸುವುದೂ ಸಹಜ. ಆ ಮಾತಿನಲ್ಲಿ ಸತ್ಯವಿದೆ. ಪ್ರತಿ ವರ್ಷ ಹೀಗೆ ಹೋಗಬೇಕೆಂದು ಯಾರೂ ಹೇಳುವುದಿಲ್ಲ. ಪರೀಕ್ಷೆ ಇರುವ ಮನೆಯವರು ಫೆಬ್ರವರಿಯ ಶಿವರಾತ್ರಿಯ ಆಸುಪಾಸನ್ನು ನೋಡಬಹುದು, ಹೋಗುವಾಗ ರಸ್ತೆ, ಬರುವಾಗ ರೈಲು ಎಂದೂ ಮಾಡಬಹುದು. ಮೋಟಾರ್‌ಹೋಮ್ ದುಬಾರಿಯಾದರೆ ಟೆಂಪೋ ಟ್ರಾವೆಲರ್ ಹಿಡಿದು ರಾತ್ರಿ ಸಾಧಾರಣ ವಸತಿಗೃಹಗಳಲ್ಲಿ ತಂಗಿದರೂ ಆಗುತ್ತದೆ. ವಾಹನ ಯಾವುದೆಂಬುದು ಎರಡನೆಯ ಮಾತು, ನಿಲ್ಲುವ ಮನಸ್ಸು ಮೊದಲನೆಯದು.

ಯೋಜನೆ ಹಾಕಲು ಕುಳಿತವರು ಮೊಬೈಲ್ ತೆರೆಯುವ ಮುನ್ನ ಮನೆಯ ಅತ್ಯಂತ ಹಿರಿಯರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಅವರಿಗೆ ಎಷ್ಟು ಹೊತ್ತಿಗೊಮ್ಮೆ ಇಳಿಯಬೇಕು, ಯಾವ ಜಾಗ ನೋಡುವ ಆಸೆ ಉಳಿದಿದೆ ಎಂದು ಕೇಳಲಿ. ಆ ಉತ್ತರದಿಂದ ಪಟ್ಟಿ ಆರಂಭವಾಗಲಿ. ಹೊರಡುವ ಬೆಳಿಗ್ಗೆ ಅಜ್ಜಿ ಯಾವ ಅಂಜಿಕೆಯೂ ಇಲ್ಲದೆ ಒಂದು ಲೋಟ ನೀರು ಕುಡಿದು ಗಾಡಿ ಹತ್ತಿದರೆ, ಯೋಜನೆ ಸರಿಯಾಗಿದೆ ಎಂದೇ ಅರ್ಥ.